ಯಾರ ಪೈಕಿ ನೀವು?

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಹೊತ್ತವರು ಬದುಕಿದ್ದಾರೆ. ಒಂದು ಮನೆತನದ ಅಡ್ಡಹೆಸರು ಅದು, ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯದು, ಅಷ್ಟು ತಿಳಿದರೆ ಸಾಕು. ನಮ್ಮ ತಂದೆ ಗದಗಿನ ಕಡೆಯವರು. ಅವರ ಅಡ್ಡಹೆಸರೂ ಒಂದು ಊರಿನದೇ. ಆ ಊರನ್ನು ನಾನು ನೋಡಿಯೇ ಇಲ್ಲ.

ನಾನು ಅರಿವಳಿಕೆ ವೈದ್ಯೆ. 2010ರ ದಶಕದ ಮೊದಲ ವರ್ಷಗಳಲ್ಲಿ ನಾವು ಆಸ್ಟ್ರೇಲಿಯಾದ ಪರ್ತ್‌ನ ಜೂಂಡಲಪ್‌ನಲ್ಲಿದ್ದೆವು. ಗಂಡ ಭೂವಿಜ್ಞಾನಿ, ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಒಂದು ಬೆಳಿಗ್ಗೆ ನನ್ನ ಪಟ್ಟಿಯಲ್ಲಿ ಆ ಹೆಸರಿನ, ಇಪ್ಪತ್ತೆರಡು ವರ್ಷದ ಒಬ್ಬ ಬಡಗಿ ಇದ್ದ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಅವನಿಗೂ ಕೇಳಿದೆ: ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆ ಆಗಿತ್ತಾ?

"ನಮ್ಮನೇಲಿ ಯಾರೂ ಆಪರೇಷನ್ನೇ ಮಾಡಿಸ್ಕೊಂಡಿಲ್ಲ, ಡಾಕ್ಟರ್," ಎಂದು ನಕ್ಕ.

ಇಪ್ಪತ್ತು ನಿಮಿಷ ಎಲ್ಲ ಸರಿಯಿತ್ತು. ಆಮೇಲೆ ಅವನ ಎದೆಬಡಿತ ಏರತೊಡಗಿತು. ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್ ಏರಿತು. ನಾನು ಯಂತ್ರವನ್ನು ಅನುಮಾನಿಸಿ ಕೊಳವೆಗಳನ್ನು ನೋಡುತ್ತಿದ್ದೆ. ದವಡೆ ಮುಟ್ಟಿದರೆ ಕಲ್ಲಿನಂತೆ ಬಿಗಿದಿತ್ತು. ಕೈಗವಸಿನೊಳಗಿಂದಲೇ ಅವನ ಕುತ್ತಿಗೆಯ ಬಿಸಿ ತಾಕಿದಾಗ ನನಗೆ ಅರ್ಥವಾಯಿತು. ಕೆಲವು ಕುಟುಂಬಗಳಲ್ಲಿ ರಕ್ತದೊಡನೆ ಇಳಿದು ಬರುವ ದೋಷವಿದು. ಅರಿವಳಿಕೆಯ ಅನಿಲ ಒಳಹೋದರೆ ಸ್ನಾಯುಗಳು ಒಳಗೊಳಗೇ ಉರಿಯತೊಡಗುತ್ತವೆ. ಅಲ್ಲಿಯವರೆಗೆ ಮನುಷ್ಯ ಗಟ್ಟಿಮುಟ್ಟಾಗಿಯೇ ಇರುತ್ತಾನೆ. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ.

ಅದಕ್ಕಿರುವ ಮದ್ದು ಪುಡಿಯ ರೂಪದಲ್ಲಿ ಬರುತ್ತದೆ. ಸೀಸೆ ಸೀಸೆಗೂ ನೀರು ಬೆರೆಸಿ ಕುಲುಕಬೇಕು. ಆ ಕೋಣೆಯಲ್ಲಿದ್ದ ಆರು ಜನವೂ ಸೀಸೆ ಕುಲುಕುತ್ತಿದ್ದೆವು. ಹುಡುಗ ಬದುಕಿದ. ಅವನ ಮೂತ್ರ ಎರಡು ದಿನ ಕಪ್ಪು ಚಹಾದ ಬಣ್ಣದಲ್ಲಿತ್ತು.

ಐಸಿಯುವಿನ ಹೊರಗೆ ಅವನ ತಂದೆ ಕೈಯಲ್ಲಿ ಟೋಪಿ ಹಿಡಿದು ನಿಂತಿದ್ದರು. ನಾನು ವಿವರಿಸಿದ್ದನ್ನೆಲ್ಲ ಕೇಳಿ, ನೆಲ ನೋಡುತ್ತ ಹೇಳಿದರು: "ಅಡಿಲೇಡ್‌ನಲ್ಲಿ ನಮ್ಮಪ್ಪನ ತಂಗಿ ಒಬ್ಬಳಿದ್ದಳಂತೆ. ಏಳು ವರ್ಷಕ್ಕೆ ಟಾನ್ಸಿಲ್ ತೆಗೆಸೋಕೆ ಹೋಗಿ ತೀರಿಕೊಂಡಳು. ಹೃದಯ ವೀಕ್ ಇತ್ತು ಅಂದಿದ್ರು."

"ಮಗನಿಗೆ ಹೇಳಿರಲಿಲ್ವಾ?"

"ಯಾರೂ ಕೇಳಿರಲಿಲ್ಲವಲ್ಲ."

ಪರೀಕ್ಷೆಯಲ್ಲಿ ತಂದೆಗೂ ಅದೇ ದೋಷವಿರುವುದು ತಿಳಿಯಿತು. ಗೊತ್ತಿದ್ದ ನೆಂಟರಿಗೆಲ್ಲ ಅವರು ಕಾಗದ ಬರೆದರು. ನನ್ನ ಪಾಲಿಗೆ ಅದು ಅಲ್ಲಿಗೆ ಮುಗಿದಿತ್ತು.

ಮೂರು ವರ್ಷಗಳ ನಂತರ ಗಂಡನಿಗೆ ಬ್ರಿಸ್ಬೇನ್‌ನಲ್ಲಿ ಕೆಲಸವಾಯಿತು. ಸನ್ನಿಬ್ಯಾಂಕ್‌ನಲ್ಲಿ ಮನೆ ಹಿಡಿದೆವು. ನಾನು ಇಂಡೂರೂಪಿಲ್ಲಿ ಕಡೆಯ ಒಂದು ಸಣ್ಣ ಶಸ್ತ್ರಚಿಕಿತ್ಸಾಲಯಕ್ಕೆ ಸೇರಿದೆ. ಒಂದು ಮಧ್ಯಾಹ್ನದ ಪಟ್ಟಿಯಲ್ಲಿ ಮೂರನೆಯದಾಗಿ ಆ ಹೆಸರಿತ್ತು. ಹತ್ತೊಂಬತ್ತರ ವಿದ್ಯಾರ್ಥಿನಿ, ಬುದ್ಧಿಹಲ್ಲು ತೆಗೆಯಬೇಕಿತ್ತು. ಉಳಿದವರನ್ನು ಬಿಟ್ಟು ಮೊದಲು ಅವಳ ಬಳಿಗೇ ಹೋದೆ.

"ಪರ್ತ್‌ನಲ್ಲಿ ನಿಮ್ಮ ನೆಂಟರಿದ್ದಾರಾ?" ಎಂದು ಕೇಳಿದೆ.

"ಇಲ್ಲಪ್ಪ," ಎಂದಳು ಪಕ್ಕದಲ್ಲಿದ್ದ ತಾಯಿ. "ನನ್ನ ಗಂಡನ ಮನೆಯವರು ಯಾವ ಕಾಲದಿಂದಲೂ ಇಲ್ಲಿಯವರೇ. ಹಸು ಸಾಕ್ತಿದ್ರು. ಅವರ ಜಮೀನಿನ ಪಕ್ಕದ ರಸ್ತೆಗೂ ಅವರ ಹೆಸರೇ ಇದೆ."

ಪರ್ತ್‌ನ ಹುಡುಗನ ವಿಷಯ ಇನ್ನೊಬ್ಬ ರೋಗಿಯ ಗುಟ್ಟು, ಹೇಳುವಂತಿರಲಿಲ್ಲ. ಅನಿಲ ಬಳಸುವುದಿಲ್ಲ, ಯಂತ್ರದಲ್ಲಿ ಉಳಿದ ಅನಿಲವನ್ನು ಹೊರಹಾಕಿ ಸಿದ್ಧಮಾಡಲು ಒಂದು ಗಂಟೆ ಬೇಕು ಎಂದು ಸರ್ಜನ್‌ಗೆ ಹೇಳಿದೆ. ಕಾರಣ ಕೇಳಿದರು. ಹೆಸರು ಎಂದೆ.

"ಅದೊಂದು ಹಳ್ಳಿ," ಎಂದರು ಅವರು ಗಡಿಯಾರ ನೋಡುತ್ತ. "ಅರ್ಧ ಇಂಗ್ಲೆಂಡ್‌ಗೆ ಹಳ್ಳಿ ಹೆಸರೇ ಇದೆ."

ಆದರೂ ಒಂದು ಗಂಟೆ ಕಾದರು. ರಕ್ತನಾಳದ ಮೂಲಕ ಕೊಡುವ ಔಷಧಿಯಲ್ಲೇ ಹುಡುಗಿಯನ್ನು ಮಲಗಿಸಿದೆ. ಏನೂ ಆಗಲಿಲ್ಲ. ಏನೂ ಆಗದಿದ್ದದ್ದೇ ಕಷ್ಟವಾಯಿತು. ನನ್ನ ಭಯ ನಿಜವೋ ಸುಳ್ಳೋ ತಿಳಿಯಲಿಲ್ಲ. ಮನೆತನದವರು ಪರೀಕ್ಷೆ ಮಾಡಿಸಿಕೊಂಡರೆ ಒಳ್ಳೆಯದು ಎಂದು ತಾಯಿಗೆ ಹೇಳಿದಾಗ ಅವಳ ಮುಖ ಗಂಟಿಕ್ಕಿತು. ಮಾರನೇ ವಾರ ಮ್ಯಾನೇಜರ್ ಕರೆದು, ರೋಗಿಗಳನ್ನು ಹೆದರಿಸಬೇಡಿ ಎಂದು ಮೃದುವಾಗಿಯೇ ಹೇಳಿದರು.

ಸಂಜೆ ಚಪಾತಿ ಲಟ್ಟಿಸುತ್ತಾ ಗಂಡನಿಗೆ ಹೇಳಿಕೊಂಡೆ. ಯಾರ ಹೆಸರನ್ನೂ ಹೇಳಲಿಲ್ಲ.

"ಹೆಸರು ನೋಡಿ ಔಷಧಿ ಚೇಂಜ್ ಮಾಡ್ಬಿಟ್ಯಾ? ನಿಮ್ಮಪ್ಪನ ಅಡ್ಡಹೆಸರಿನವರು ಹುಬ್ಬಳ್ಳೀಲಿ ಎಷ್ಟು ಜನ ಇದಾರೆ. ಅವರೆಲ್ಲಾ ನಿಂಗೆ ನೆಂಟರಾ?"

"ಅಲ್ಲ. ಆದ್ರೆ ಅಪ್ಪ ಸಿಕ್ಕಿದವರನ್ನೆಲ್ಲಾ ಯಾರ ಪೈಕಿ ನೀವು ಅಂತ ಕೇಳ್ದೆ ಬಿಡ್ತಿರ್ಲಿಲ್ಲ. ಹತ್ತರಲ್ಲಿ ಒಬ್ಬರು ನೆಂಟರಾಗೇ ಇರ್ತಿದ್ರು."

"ನೀನು ಯಾರನ್ನ ಕೇಳ್ತೀಯ ಈಗ?"

ಪರ್ತ್‌ನ ಹುಡುಗನ ತಂದೆಗೆ ಫೋನ್ ಮಾಡಿದೆ. ಅಡಿಲೇಡ್‌ನಲ್ಲಿ ಅವರ ಸೋದರತ್ತೆ ಒಬ್ಬರು ಬದುಕಿದ್ದರು, ಟಾನ್ಸಿಲ್‌ಗೆ ಹೋಗಿ ತೀರಿಕೊಂಡ ಮಗುವಿನ ಅಕ್ಕ. ಮನೆತನದ ಲೆಕ್ಕ ಇಟ್ಟವರು ಅವರೊಬ್ಬರೇ. "ಹೋಗಿ ನೋಡಿ. ನನ್ನ ಮಗನ ವಿಷಯ ಯಾರಿಗೆ ಬೇಕಾದ್ರೂ ಹೇಳಿ," ಎಂದರು.

ಅಡಿಲೇಡ್‌ನ ಹೊರಗೆ, ಗುಡ್ಡಗಳ ನಡುವೆ ಆ ಸೋದರತ್ತೆಯ ಮನೆ. ಬೇಸಿಗೆಯಾಗಿತ್ತು. ಹುಲ್ಲೆಲ್ಲ ಒಣಗಿ, ಬಿಸಿಗಾಳಿಯಲ್ಲಿ ಎಲ್ಲೋ ಹೊಗೆಯ ವಾಸನೆಯಿತ್ತು. ದಾರಿಯಲ್ಲಿ ದಾಟಿದ ಬತ್ತಿದ ತೊರೆಯ ಫಲಕದ ಮೇಲೂ ಅದೇ ಹೆಸರು. ಅಜ್ಜಿಗೆ ಎಂಬತ್ತು ದಾಟಿತ್ತು. ನಾನು ಕೂರುವ ಮೊದಲೇ, "ಬನ್ನಿ, ಮೊದಲು ತೋರಿಸ್ತೀನಿ," ಎಂದು ಚರ್ಚಿನ ಹಿಂದಿನ ಸ್ಮಶಾನಕ್ಕೆ ಕರೆದೊಯ್ದರು. ಸಾಲು ಕಲ್ಲುಗಳ ಮೇಲೆ ಬಹುತೇಕ ಒಂದೇ ಹೆಸರು. ಅಜ್ಜಿ ಊರುಗೋಲಿನಿಂದ ಮುಟ್ಟುತ್ತಾ ಹೋದರು.

"ಇವಳು ನನ್ನ ತಂಗಿ. ಇವನು ಚಿಕ್ಕಪ್ಪ, ಕೈ ಮೂಳೆ ಕೂರಿಸೋಕೆ ಹೋದವನು ಬರಲಿಲ್ಲ. ಇವಳು ಅಪ್ಪನ ತಂಗಿ, ಹೆರಿಗೆ ಆಪರೇಷನ್, ಕಲ್ಲಿನ ಮೇಲಿರೋದು ಗಂಡನ ಹೆಸರು. ಎಲ್ಲರಿಗೂ ಹೃದಯ ವೀಕ್ ಅಂದ್ರು. ನಮ್ಮಮ್ಮ ನನ್ನನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಾನೇ ಇರಲಿಲ್ಲ. ಊರಿನವರು ಅವಳಿಗೆ ತಲೆಕೆಟ್ಟಿದೆ ಅಂತಿದ್ರು."

ಮನೆಗೆ ಬಂದು ಒಂದು ನೋಟ್‌ಬುಕ್ ತೆಗೆದರು. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಒಬ್ಬ ಕಮ್ಮಾರ, ಅವನ ನಾಲ್ವರು ಗಂಡುಮಕ್ಕಳು. ಒಬ್ಬ ಅಡಿಲೇಡ್‌ನಲ್ಲೇ ಉಳಿದ, ಅಜ್ಜಿ ಅವನ ವಂಶದವರು. ಒಬ್ಬನಿಗೆ ಮಕ್ಕಳಿರಲಿಲ್ಲ. ಒಬ್ಬ ಚಿನ್ನ ಹುಡುಕುತ್ತಾ ಪಶ್ಚಿಮಕ್ಕೆ ಹೋಗಿ ಗುರುತು ಸಿಗದಂತಾದ. ನಾಲ್ಕನೆಯವನ ಮುಂದೆ ಬರೆದಿತ್ತು: ಕ್ವೀನ್ಸ್‌ಲ್ಯಾಂಡ್, ಹಸುಗಳು. ಬ್ರಿಸ್ಬೇನ್ ಇರುವುದು ಆ ರಾಜ್ಯದಲ್ಲೇ.

ನಾನು ಅಂಗಳಕ್ಕೆ ಬಂದು ಹುಡುಗಿಯ ತಾಯಿಗೆ ಫೋನ್ ಮಾಡಿದೆ. ನಂಬರನ್ನು ಅವಳೇ ಒಲ್ಲದ ಮನಸ್ಸಿನಿಂದ ಕೊಟ್ಟಿದ್ದಳು. ಎಲ್ಲವನ್ನೂ ಹೇಳಿದೆ.

"ನನ್ನ ಮಗನಿಗೆ ನಾಳೆ ಮಂಡಿ ಆಪರೇಷನ್," ಎಂದಳು. "ಅವನು ಊರ ಕಡೆ ಆಸ್ಪತ್ರೇಲಿದ್ದಾನೆ. ನಾನು ಅವನಿಗೆ ಏನೂ ಹೇಳಿಲ್ಲ."

ಆ ಆಸ್ಪತ್ರೆಯ ಅರಿವಳಿಕೆ ವೈದ್ಯರು ಸಿಗಲು ಅರ್ಧ ದಿನ ಹಿಡಿಯಿತು. ಅಷ್ಟು ಹೊತ್ತೂ ಅಜ್ಜಿ ನನ್ನ ಎದುರಿಗೆ ಕೈ ಮಡಿಲಲ್ಲಿಟ್ಟು ಕೂತಿದ್ದರು. ಚಹಾ ತಣ್ಣಗಾಯಿತು, ಇಬ್ಬರೂ ಮುಟ್ಟಲಿಲ್ಲ. ಕೊನೆಗೆ ಸಿಕ್ಕ ವೈದ್ಯರು ನಗಲಿಲ್ಲ, ವಾದಿಸಲಿಲ್ಲ. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಮಾಡುತ್ತೇವೆ ಎಂದರು. ಮರುದಿನ ಹಾಗೆಯೇ ಆಯಿತು. ಕೆಲವು ವಾರಗಳ ಮೇಲೆ ರಕ್ತಪರೀಕ್ಷೆಯ ಫಲಿತಾಂಶ ಬಂತು. ನಾನು ಒಂದು ಗಂಟೆ ಕಾಯಿಸಿದ ಹುಡುಗಿಗೆ ದೋಷ ಇರಲಿಲ್ಲ. ಅಣ್ಣನಿಗೆ ಇತ್ತು. ತಾಯಿ ಅಳುತ್ತಾ ಫೋನ್ ಮಾಡಿದಳು. ಮುಂದೆ ಯಾವ ಆಪರೇಷನ್ ಆದರೂ ಮೊದಲು ತೋರಿಸುವಂತೆ ಮಗನಿಗೆ ಒಂದು ಕಾಗದ ಬರೆದು ಕಳಿಸಿದೆ.

ಮುಂದಿನ ವರ್ಷ ಅಜ್ಜಿ ತಾವೇ ಫೋನ್ ಮಾಡಿದರು. ದನಿ ಕುಗ್ಗಿತ್ತು.

"ಡಾಕ್ಟರ್, ನಾನು ಒಂದು ತಪ್ಪು ಮಾಡಿದೀನಿ. ನೋಟ್‌ಬುಕ್‌ನಲ್ಲಿ ಬರೀ ಗಂಡುಮಕ್ಕಳನ್ನೇ ಬರೆದಿದೀನಿ. ಕಮ್ಮಾರನಿಗೆ ಮೂವರು ಹೆಣ್ಣುಮಕ್ಕಳೂ ಇದ್ರು."

"ಎಲ್ಲಿಗೆ ಮದುವೆಯಾಗಿ ಹೋದ್ರು?"

"ಒಬ್ಬಳ ಗಂಡನ ಹೆಸರು ಮಾತ್ರ ಸಿಕ್ತು. ಚರ್ಚಿನ ಪುಸ್ತಕದಲ್ಲಿತ್ತು."

ಹೇಳಿದರು. ಇನ್ನೊಂದು ಇಂಗ್ಲಿಷ್ ಹಳ್ಳಿಯ ಹೆಸರು, ಆದರೆ ತೀರಾ ಸಾಮಾನ್ಯವಾದದ್ದು. ಆ ವಾರ ನನ್ನ ಪಟ್ಟಿಯಲ್ಲೇ ಆ ಹೆಸರಿನವರು ಇಬ್ಬರಿದ್ದರು. ಇಬ್ಬರನ್ನೂ ಕೇಳಿದೆ. ಇಬ್ಬರಿಗೂ ಮುತ್ತಜ್ಜಿಯ ತವರು ಯಾವುದೆಂದು ಗೊತ್ತಿರಲಿಲ್ಲ.