ಚೆಂಡು ಎಸೆಯುವವನಿಗೆ ನಾನು ಹಾಕಿದ ಅಂಕ

ನೈರೋಬಿಯಲ್ಲಿ ಎರಡು ವರ್ಷ ನಾನು ಮಾಡಿದ ಕೆಲಸ ಏನೆಂದು ಮೈಸೂರಿನ ನಮ್ಮವರಿಗೆ ಇವತ್ತಿಗೂ ಅರ್ಥವಾಗಿಲ್ಲ. ಮೊದಲು ಅಲ್ಲಿಯದೇ ಒಂದು ಔಷಧ ಕಾರ್ಖಾನೆಯಲ್ಲಿ ಮಾತ್ರೆ ಪರೀಕ್ಷೆ ಮಾಡುತ್ತಿದ್ದವನು ನಾನು. ಕಾರ್ಖಾನೆ ಕೈ ಬದಲಾಗಿ ಕೆಲಸ ಹೋದಾಗ, ವೆಸ್ಟ್‌ಲ್ಯಾಂಡ್ಸ್ ಬಡಾವಣೆಯಲ್ಲಿ ಬೆಂಗಳೂರಿನವನೊಬ್ಬ ತೆರೆದಿದ್ದ ಸಣ್ಣ ಕಚೇರಿಗೆ ಸೇರಿಕೊಂಡೆ. ಅಮೆರಿಕದ ಒಂದು ಫುಟ್‌ಬಾಲ್ ತಂಡ ಸೋತು ಸುಣ್ಣವಾಗಿತ್ತು. ಅದಕ್ಕೆ ಕಾಲೇಜಿನಿಂದ ಒಬ್ಬ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಬೇಕಿತ್ತು. ಪಂದ್ಯಗಳ ಡಿಸ್ಕುಗಳು ಎಂಬಕಸಿಯ ವಿಮಾನ ನಿಲ್ದಾಣಕ್ಕೆ ಬಂದಿಳಿಯುತ್ತಿದ್ದವು. ನಾವು ಅವನ್ನು ನೋಡಿ, ಒಬ್ಬೊಬ್ಬ ಹುಡುಗನಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ ಕಳಿಸಬೇಕು.

ಹೆಸರು ಫುಟ್‌ಬಾಲ್, ಆಡುವುದೆಲ್ಲ ಕೈಯಲ್ಲಿ! ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡು ಎಸೆಯುವವನು. ಅವನನ್ನು ಕಾಯಲು ಅವನ ಕಡೆಯವರೇ ಐದು ಜನ ಧಡಿಯರು ಮುಂದೆ ಅಡ್ಡ ನಿಲ್ಲುತ್ತಾರೆ. ಎದುರಾಳಿಗಳು ಅವರನ್ನು ತಳ್ಳಿಕೊಂಡು ಬಂದು ಇವನನ್ನು ಕೆಡವುವುದರೊಳಗೆ ಚೆಂಡು ಕೈ ಬಿಟ್ಟಿರಬೇಕು. ಇಷ್ಟನ್ನು ನನ್ನ ತಲೆಗೆ ತುಂಬಿದವನು ಪಕ್ಕದ ಮೇಜಿನ ಕೆನ್ಯಾದ ಗೆಳೆಯ. ಶಾಲೆಯಲ್ಲಿ ರಗ್ಬಿ ಆಡಿ ಎರಡು ಹಲ್ಲು ಕಳೆದುಕೊಂಡಿದ್ದವನು.

ಆ ಹುಡುಗರಲ್ಲಿ ಒಬ್ಬ ಎಡಗೈಯವನಿದ್ದ, ಕಡ್ಡಿಯಂಥವನು. ಎಸೆದ ಚೆಂಡು ಎಲ್ಲಿ ಹೋಯಿತೆಂದು ನೋಡುವ ಮೊದಲು, ತನಗಾಗಿ ಅಡ್ಡ ನಿಂತು ಬಿದ್ದವನ ಕೈ ಹಿಡಿದು ಎಬ್ಬಿಸುತ್ತಿದ್ದ. ನನಗೆ ಬಲು ಇಷ್ಟವಾದ. ಇಷ್ಟವಾದ ಎಂದು ಅಂಕ ಹಾಕುವ ಜಾಯಮಾನ ನನ್ನದಲ್ಲ. ಮೂರು ಸಲ ನೋಡಿ ಒಂಬತ್ತು ಹಾಕಿದೆ.

ಆಮೇಲೆ ಎಸೆಯುವವನನ್ನು ಕೇಳಿದ್ದ ಆ ತಂಡದ ಹಳೆಯ ಪಂದ್ಯಗಳನ್ನು ನೋಡಿದೆ. ಅಯ್ಯೋ ದೇವರೇ! ಆ ಐವರು ಅಡ್ಡ ನಿಂತಿದ್ದಾರೋ, ದಾರಿ ಬಿಡಲು ನಿಂತಿದ್ದಾರೋ! ಸ್ಟಾಪ್‌ವಾಚ್ ಹಿಡಿದು ನೋಡಿದರೆ ಎರಡು ಸೆಕೆಂಡಿಗೆಲ್ಲ ಎಸೆಯುವವನು ನೆಲದ ಮೇಲೆ. ಯಾರು ಬಂದರೂ ಅದೇ ಗತಿ. ವರದಿಯಲ್ಲಿ ನಾನೇ ಒಂದು ಕಾಲಮ್ ಸೇರಿಸಿ ಬರೆದೆ: ಮೊದಲು ಅಡ್ಡ ನಿಲ್ಲುವವರನ್ನು ಹುಡುಕಿ, ಎಸೆಯುವವನನ್ನು ಆಮೇಲೆ ತನ್ನಿ.

ಕಚೇರಿಯ ಮ್ಯಾನೇಜರ್, ಅವನೂ ನಮ್ಮ ಕಡೆಯವನೇ, ನನ್ನನ್ನು ಕರೆದ. "ಸಾರ್, ಕ್ಲೈಂಟ್ ಕೇಳಿರೋದು ಎಸೆಯೋನ್ ಬಗ್ಗೆ. ಆ ಐದು ಜನದ ವಿಷ್ಯ ನಿಮ್ಮನ್ನ ಯಾರು ಕೇಳಿದ್ರು? ಡಿಲೀಟ್ ಮಾಡಿ."

"ಹುಡುಗನ ಕೈಕಾಲು ಮುರಿಯತ್ತೆ ಕಣಪ್ಪ!"

"ಅದು ಅವ್ರ ಹೆಡ್ಡೇಕ್ ಸಾರ್. ಇದೇನು ನಿಮ್ಮ ಮಾತ್ರೆ ಫ್ಯಾಕ್ಟ್ರಿನಾ, ಬ್ಯಾಚ್ ರಿಜೆಕ್ಟ್ ಮಾಡೋಕೆ?"

ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಬೇಕಿತ್ತು. ಹೋಗಲಿಲ್ಲ, ಆ ದೇಶದಲ್ಲಿರಲು ನಮಗಿದ್ದ ಪರ್ಮಿಟ್ಟೆಲ್ಲ ಆ ಕೆಲಸಕ್ಕೇ ಅಂಟಿಕೊಂಡಿತ್ತು. ಕಾಲಮ್ ಅಳಿಸಿದೆ.

ಆ ತಂಡ ಎಡಗೈಯವನನ್ನೇ ತೆಗೆದುಕೊಂಡಿತು. ನನ್ನ ಒಂಬತ್ತನ್ನು ನೋಡಿ ತೆಗೆದುಕೊಂಡರೋ, ಯಾರು ಕಂಡರು. ಮರುವರ್ಷ ಅವನ ಪಂದ್ಯಗಳೂ ನಮ್ಮ ಮೇಜಿಗೇ ಬಂದವು. ಅಡ್ಡ ನಿಂತವರು ಹಳಬರೇ. ಪ್ರತಿ ಸಲ ಅವನು ಬಿದ್ದಾಗಲೂ ನಾನು ಕುರ್ಚಿಯ ಕೈ ಹಿಡಿದುಕೊಳ್ಳುತ್ತಿದ್ದೆ. ಆರನೆಯ ಪಂದ್ಯದಲ್ಲಿ ಇಬ್ಬರು ಒಟ್ಟಿಗೆ ಅವನ ಮೇಲೆ ಬಿದ್ದರು. ಮಂಡಿ ಬಾಗಬಾರದ ಕಡೆಗೆ ಬಾಗಿತು. ಯಾವಾಗಲೋ ಆಗಿಹೋದದ್ದು, ಆದರೂ ನಾನು "ಬೇಡ, ಬೇಡ" ಎಂದು ಪರದೆಗೆ ಕೂಗಿದೆನಂತೆ. ಗೆಳೆಯ ಡಿಸ್ಕ್ ನಿಲ್ಲಿಸಿ, "ಪೋಲೆ, ಬಾಸ್" ಎಂದ. ಪೋಲೆ ಎಂದರೆ ಅಯ್ಯೋ ಪಾಪ ಅಂದ ಹಾಗೆ; ಸಾವಾದರೂ ಅವರು ಅದನ್ನೇ ಅನ್ನುವುದು, ಹೆಗಲು ಮುಟ್ಟಿ. ಆ ಹುಡುಗ ಮತ್ತೆ ಆಡಲಿಲ್ಲ.

ಅದೇ ವಾರ ಮ್ಯಾನೇಜರ್ ಹೊಸ ಡಿಸ್ಕುಗಳನ್ನು ತಂದಿಟ್ಟ. "ಅದೇ ಕ್ಲೈಂಟ್ ಸಾರ್. ಇನ್ನೊಬ್ಬ ಬೇಕಂತೆ, ಅರ್ಜೆಂಟು."

ಮೊದಲ ಡಿಸ್ಕಿನಲ್ಲೇ ಸಿಕ್ಕಿದ. ಅಗಲ ಭುಜ, ಚುರುಕು ಕಣ್ಣು, ಕೈ ಎಂದರೆ ಕೈ. ಕಡಿಮೆ ಹಾಕಿದರೆ ಅವನು ಬಚಾವು. ನಾಲ್ಕು ಎಂದು ಟೈಪ್ ಮಾಡಿದೆ. ಪಂದ್ಯ ಮುಗಿದ ಮೇಲೆ ಅವನ ತಾಯಿ ಅಂಗಳಕ್ಕೆ ಓಡಿ ಬಂದು ಅವನ ಕುತ್ತಿಗೆಗೆ ಜೋತುಬಿದ್ದಳು. ಅವಳ ಮೈಮೇಲೆ ಯಾವುದೋ ಹೋಟೆಲಿನ ಕೆಲಸದ ಸಮವಸ್ತ್ರ ಹಾಗೇ ಇತ್ತು. ಈ ನಾಲ್ಕರಿಂದ ಅವರ ಅನ್ನಕ್ಕೆ ಕಲ್ಲು ಬೀಳುತ್ತದೆ. ನಿಜ ಹೇಳಿದರೆ ಅವನ ಮಂಡಿ ಹೋಗುತ್ತದೆ. ನಾನು ಯಾವನು ಇದನ್ನು ತೀರ್ಮಾನಿಸಲು, ಮಾತ್ರೆ ನೋಡಿಕೊಂಡಿದ್ದವನು?

ನಾಲ್ಕು ಅಳಿಸಿ ಒಂಬತ್ತು ಹಾಕಿ ಕಳಿಸಿದೆ.