ಅಣ್ಣನ ವಿಮಾನ ಇಳಿಯುವ ಮುಂಚೆ

ಸತ್ತವರು ಬಂದು ಮಾತಾಡುತ್ತಾರೆ ಅನ್ನುವುದನ್ನೆಲ್ಲ ನಾನು ನಂಬಿದವನಲ್ಲ. ಇದು ಧೈರ್ಯವೆಂದು ತಿಳಿಯಬೇಡಿ. ಬಂಗಾರಪೇಟೆಯಲ್ಲಿ ಸಂಜೆಯ ರೈಲು ಹಿಡಿಯಲು ಮಧ್ಯಾಹ್ನದ ರೈಲು ಹೊರಡುವ ಮುಂಚೆಯೇ ಹೋಗಿ ಕೂರುವ ಪ್ರಾಣಿ ನಾನು. ಬದುಕಿರುವವರ ಚಿಂತೆಯೇ ತಲೆತುಂಬ ಇರುವಾಗ ಸತ್ತವರನ್ನೂ ಸೇರಿಸಿಕೊಳ್ಳುವ ತ್ರಾಣ ಇರಲಿಲ್ಲ, ಅಷ್ಟೆ.

ಕೆಲವು ವರ್ಷಗಳ ಹಿಂದೆ ಆಂಡರ್ಸನ್‌ಪೇಟೆಯ ನಮ್ಮ ಮನೆಯಲ್ಲಿ ಅಮ್ಮ ಕೊನೆಯುಸಿರು ಎಳೆಯುತ್ತಿದ್ದಳು. ಅಣ್ಣ ಮುನಿರಾಜು ಕೋಲ್ಕತ್ತದಲ್ಲಿ ವೆಲ್ಡಿಂಗ್ ಕೆಲಸದಲ್ಲಿದ್ದ. ಬೆಳಿಗ್ಗೆ ಫೋನ್ ಮಾಡಿದೆ. ಸಿಕ್ಕಿದ ವಿಮಾನ ಹತ್ತಿದ. ಅಲ್ಲಿಂದ ಬೆಂಗಳೂರಿಗೆ ಸುಮಾರು ಸಾವಿರದೈನೂರು ಕಿಲೋಮೀಟರ್, ವಿಮಾನಕ್ಕೆ ಎರಡೂವರೆ ಗಂಟೆ. ಇಳಿದ ಮೇಲೆ ನಮ್ಮ ಮನೆಗೆ ನೂರು ಕಿಲೋಮೀಟರ್ ಆಸುಪಾಸು. ಅದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಮೊಬೈಲಿನಲ್ಲಿ ಆ ವಿಮಾನದ ಗುರುತು ಸಮುದ್ರದಂಚಿನಲ್ಲಿ ತೆವಳುತ್ತಿತ್ತು. ನಾನು ನೋಡುವುದು ಬಿಟ್ಟರೆ ಎಲ್ಲಿ ಬಿದ್ದುಬಿಡುತ್ತದೋ ಎಂಬಂತೆ ಕಣ್ಣು ಕೀಲಿಸಿ ಕೂತಿದ್ದೆ.

ನಮ್ಮ ಕಡೆ ಜೀವ ಹೋಗದೆ ಎಳೆಯುತ್ತಿದ್ದರೆ ಯಾರಿಗೋ ಕಾಯುತ್ತಿದೆ ಅನ್ನುತ್ತಾರೆ. ಅವರು ಬರುವುದು ತಡವಾದರೆ ಅವರ ಹೆಸರು ಹೇಳಿ ಬೇರೆಯವರು ಬಾಯಿಗೆ ಹಾಲು ಬಿಡುವುದುಂಟು. ಬೇತಮಂಗಲದಿಂದ ಬಂದಿದ್ದ ದೊಡ್ಡಮ್ಮ ನನ್ನ ಮೊಬೈಲ್ ಕಿತ್ತು ಪಕ್ಕಕ್ಕಿಟ್ಟಳು.

“ನೀನು ನೋಡಿದ್ರೆ ಇಮಾನ ಜೋರಾಗೋಯ್ತದಾ? ಇವ್ಳು ನರಳೋದು ನೋಡೋಕಾಗಲ್ಲ. ನಿನ್ ಗಂಟ್ಲೂ ಅವುನ್ ಗಂಟ್ಲೂ ಒಂದೇ ಕಣ್ಲಾ. ರಾಜ ಬಂದಿವ್ನಿ ಅಂತೇಳಿ ಆಲು ಬಿಡು.”

“ಒಸಿ ತಡಿ ದೊಡ್ಡಮ್ಮಾ, ತಿರುಪತಿ ದಾಟವ್ನೆ...”

“ದಾಟಿದ್ರೆ ಗೋವಿಂದಾ ಅನ್ನು. ಬಿಡ್ಲಾ ಆಲು!”

ಅಮ್ಮನಿಗೆ ಆಗಲೇ ಕಣ್ಣು ಮಂಜಾಗಿತ್ತು. ಬಗ್ಗಿ, “ಅಮ್ಮಾ, ನಾನು ರಾಜ, ಬಂದಿವ್ನಿ” ಅಂದೆ. ಮುಖ ಅರಳಿತು. ಒಂದು ಚಮಚ ಹಾಲು ಗುಟುಕರಿಸಿದಳು. ನನ್ನ ಕುತ್ತಿಗೆ ಹಿಡಿದೆಳೆದು, ನನಗೊಬ್ಬನಿಗೇ ಕೇಳುವಷ್ಟು ಸಣ್ಣಗೆ ಹೇಳಿದಳು:

“ಚಿಕ್ಕೋನ್ ಕೈಲಿ ತಿಂದೂ ತಿಂದೂ ಅಸಯ್ಯ ಆಗೋಯ್ತಪ್ಪ. ಸತ್ಮೇಲೆ ನನ್ ಬಾಯ್ಗೆ ಅವ್ನು ಅಕ್ಕಿ ಆಕ್ದಂಗೆ ನೋಡ್ಕೋ.”

ಆ ಚಿಕ್ಕವನು ನಾನು. ಅವಳು ಹಾಸಿಗೆ ಹಿಡಿದಾಗಿನಿಂದ ಮುದ್ದೆ ಮೆತ್ತಗೆ ಕಲಸಿ ತಿನ್ನಿಸಿದವನು. ಗಂಜಿ ಸುಡುತ್ತದೇನೋ, ಆರಿತೇನೋ ಎಂದು ಬೆರಳದ್ದಿ ಬೆರಳದ್ದಿ ನೋಡಿದವನು. ಬಹುಶಃ ಆ ಬೆರಳೇ ಅವಳಿಗೆ ಅಸಹ್ಯವಾಗಿದ್ದಿರಬೇಕು. ಎರಡನೇ ಚಮಚ ತುಟಿಗಿಡುವಷ್ಟರಲ್ಲಿ ಜೀವ ಹೋಯಿತು. ಮೊಬೈಲಿನಲ್ಲಿ ವಿಮಾನದ ಗುರುತು ಕೋಲಾರದ ಮೇಲೆ, ಹೆಚ್ಚುಕಡಿಮೆ ನಮ್ಮ ತಲೆಯ ಮೇಲೇ ಇತ್ತು.

ಸಾಯುವವರ ಭ್ರಮೆ ಎಂದು ಸಮಾಧಾನ ಮಾಡಿಕೊಂಡೆ. ಯಾರಿಗೂ ಹೇಳಲಿಲ್ಲ.

ಸಂಜೆ ಅಣ್ಣ ಬಂದ. ಅತ್ತ. ಒಬ್ಬೊಬ್ಬರಾಗಿ ಅಮ್ಮನ ಬಾಯಿಗೆ ಅಕ್ಕಿ ಹಾಕತೊಡಗಿದರು. ನಾನು ಮುಷ್ಟಿಯಲ್ಲಿ ಅಕ್ಕಿ ಹಿಡಿದು ಮುಂದೆ ಬಂದಾಗ ಅಣ್ಣ ರಟ್ಟೆ ಹಿಡಿದು ಹೊರಗೆ ಕರೆತಂದ.

“ಬ್ಯಾಸ್ರ ಮಾಡ್ಕೋಬೇಡ ಕಣ್ಲಾ. ಇಮಾನದಾಗೆ ಒಸಿ ಕಣ್ ಮುಚ್ಚಿದ್ದೆ. ಅಮ್ಮ ಬಂದು ಕುತ್ಗೆ ಇಡ್ಕಂಡು ಒಂದ್ ಮಾತೇಳಿದ್ಲು. ನಿಂಗೆ ಎಂಗೇಳೋದೋ ಗೊತ್ತಾಗ್ತಿಲ್ಲ.”

ಹೇಳಿದ. ಒಂದು ಅಕ್ಷರವೂ ಬದಲಾಗಿರಲಿಲ್ಲ.

ಅಷ್ಟೆತ್ತರದಲ್ಲಿ ಕೂತಿದ್ದವನ ಕಿವಿಗೆ ಅದು ಹೇಗೆ ಮುಟ್ಟಿತೋ ನನಗೆ ಈ ಹೊತ್ತಿಗೂ ತಿಳಿಯದು. ಬಲ್ಲವರು ಹೇಳಿದರೆ ಕೇಳುತ್ತೇನೆ. ಭ್ರಮೆ ಎಂದು ಮಾತ್ರ ಹೇಳಬೇಡಿ, ಆ ಸಮಾಧಾನವನ್ನು ಅಣ್ಣ ಅಂದೇ ಕಿತ್ತುಕೊಂಡ. ನನ್ನ ಮುಷ್ಟಿ ಬಿಡಿಸಿ, ಅಕ್ಕಿಯನ್ನು ತನ್ನ ಅಂಗೈಗೆ ಸುರಿದುಕೊಂಡು ಒಳಗೆ ಹೋದ. ನಾನು ಹೊರಗೇ ನಿಂತೆ.