ಅರಿಶಿನ ಹತ್ತಿದ ಹನ್ನೆರಡು ಲೆಡ್ ಕಡ್ಡಿಗಳು

ನಮ್ಮ ದೊಡ್ಡಬಳ್ಳಾಪುರದ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ದ್ಯಾವಮ್ಮ ಅಟೆಂಡರ್. ಕೊನೇ ವರ್ಷದ ಬಿ.ಎಸ್ಸಿ. ಓದುತ್ತಿರುವ ನನ್ನನ್ನು ಕೇಳಿದರೆ, ಆ ಲ್ಯಾಬಿನ ಹೀರೋ ಅವರೇ! ಸಂಶೋಧನೆ ಮಾಡುವ ರಂಜಿತ ಮೇಡಂಗೆ ಮೆದುಳಿನಲ್ಲಿರುವ ಡೋಪಮಿನ್ ಎಂಬ ರಾಸಾಯನಿಕವನ್ನು ಅಳೆಯಲು ಕಾರ್ಬನ್ ಎಲೆಕ್ಟ್ರೋಡ್, ಅಂದರೆ ವಿದ್ಯುತ್ ಹರಿಸುವ ಕಡ್ಡಿ, ಬೇಕು. ಕಂಪನಿಯದಕ್ಕೆ ಸಾವಿರಾರು ರೂಪಾಯಿ. ದ್ಯಾವಮ್ಮ ಅದನ್ನು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಸಿಗುವ ಪೆನ್ಸಿಲ್ ಲೆಡ್‌ನಲ್ಲೇ ಮಾಡಿಕೊಡುತ್ತಾರೆ. ಸ್ಕೇಲೇ ಇಲ್ಲದೆ ಒಂದೇ ಉದ್ದಕ್ಕೆ ಮುರಿದು, ತುದಿ ಮಾತ್ರ ಬಿಟ್ಟು ಟೇಪ್ ಸುತ್ತಿ, ಬಿಳಿ ಹಾಳೆಯ ಮೇಲೆ ಉಜ್ಜಿ ಹೊಳಪು ತರುತ್ತಾರೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು ಎಂದರೆ ಯಾರೂ ನಂಬುವುದಿಲ್ಲ.

ಆಯುಧಪೂಜೆಯ ದಿನ ಲ್ಯಾಬಿನ ಎಲ್ಲ ಯಂತ್ರಗಳಿಗೂ ಅರಿಶಿನ ಕುಂಕುಮ ಇಟ್ಟ ದ್ಯಾವಮ್ಮ, ತಾವೇ ಮಾಡಿಟ್ಟಿದ್ದ ಹನ್ನೆರಡು ಕಡ್ಡಿಗಳನ್ನೂ ಬಿಡಲಿಲ್ಲ. ಹಬ್ಬ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ಹಾಕಿದರು.

ಮುಂದಿನ ವಾರ ರಂಜಿತ ಮೇಡಂ ಕುಣಿದಾಡುತ್ತಿದ್ದರು. ಗ್ರಾಫಿನಲ್ಲಿ ಡೋಪಮಿನ್ ತೋರಿಸುವ ಉಬ್ಬಿನ ಪಕ್ಕದಲ್ಲೇ ಇನ್ನೊಂದು ಉಬ್ಬು ಬಂದಿತ್ತು.

"ಈ ಹನ್ನೆರಡ್ರಲ್ಲಿ ಮಾತ್ರ ಏನೋ ಹೊಸದು ಬರ್ತಿದೆ ದ್ಯಾವಮ್ಮ! ಎಲ್ಲಾ ನಿಮ್ ಕೈಗುಣ. ಸೋಮವಾರ ನಮ್ ಪಿಎಚ್.ಡಿ. ಗೈಡ್‌ಗೆ ಈ ರಿಸಲ್ಟ್ ಕಳಿಸ್ಬಿಡ್ತೀನಿ. ರಿಸರ್ಚ್ ಪೇಪರ್‌ನಲ್ಲಿ ನಿಮ್ ಹೆಸ್ರೂ ಹಾಕ್ತೀನಿ."

ದ್ಯಾವಮ್ಮ ನಗಲಿಲ್ಲ. ನನ್ನನ್ನು ಸಿಂಕಿನ ಹತ್ತಿರ ಎಳೆದುಕೊಂಡು ಹೋದರು.

"ಅರಿಶಿನ ಇನ್ನೂ ಆ ಕಡ್ಡೀಲೇ ಕೂತೈತೇನೋ ಕಣಮ್ಮಿ. ಒರ್ಸುದ್ರೂ ಪೂರ್ತಿ ಹೋಗ್ಲಿಲ್ವೇನೋ."

"ಯಾರ್ಗ್ ಗೊತ್ತಾಗುತ್ತೆ? ಸುಮ್ನಿರಿ ಅಕ್ಕ, ನಿಮ್ ಹೆಸ್ರು ಬರುತ್ತೆ!" ಎಂದುಬಿಟ್ಟೆ ನಾನು.

"ಹೆಸ್ರು ಹಾಳಾಗೋಗ್ಲಿ. ಆ ಮಗಾ ನನ್ನ ನಂಬ್ಕೊಂಡೈತೆ."

ಆಮೇಲೆ ಮೂರು ದಿನ ಅವರು ಊಟದ ಡಬ್ಬಿಯನ್ನು ಹಾಗೇ ಮನೆಗೆ ಒಯ್ದರು. ಶನಿವಾರ ಮಧ್ಯಾಹ್ನ ಮೇಡಂ ಮುಂದೆ ನಿಂತು ಎಲ್ಲ ಹೇಳಿಬಿಟ್ಟರು.

ರಂಜಿತ ಮೇಡಂ ಹೊಸ ಕಡ್ಡಿಯೊಂದಕ್ಕೆ ಚೂರು ಅರಿಶಿನ ಹಚ್ಚಿ, ಒರೆಸಿ, ಡೋಪಮಿನ್ ಹಾಕದೆಯೇ ಪರೀಕ್ಷಿಸಿದರು. ಅದೇ ಎರಡನೇ ಉಬ್ಬು, ಅರಿಶಿನದ್ದೇ! ನೋಟ್‌ಬುಕ್ ತೆಗೆದು ಆ ವಾರದ ಒಂದೊಂದು ಪುಟಕ್ಕೂ ಕೆಂಪು ಗೆರೆ ಎಳೆದರು. ಒಂದು ಮಾತೂ ಬೈಯಲಿಲ್ಲ.

"ಟೀ ಕುಡಿದ್ರಾ ದ್ಯಾವಮ್ಮ?" ಎಂದರು, ಅಷ್ಟೇ.

ಹೊರಗೆ ಬಂದ ದ್ಯಾವಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ನಾಲ್ಕ್ ಮಾತು ಬೈದಿದ್ರೆ ಹಗುರಾಗ್ತಿತ್ತು ಕಣಮ್ಮಿ."

ನನಗೆ ತಲೆ ಎತ್ತಲಾಗಲಿಲ್ಲ. ಸುಮ್ಮನಿರಿ ಎಂದವಳು ನಾನು ಎಂಬುದನ್ನು ಅವರು ಮೇಡಂಗೆ ಹೇಳಿರಲೇ ಇಲ್ಲ.